ಸದನ ಸೇರುವ ಮೊದಲೇ ದನಿ ಕೈಯಲ್ಲಿ: ನನ್ನ ಅನುಭವ

ಸಂಸತ್ತಿನಲ್ಲಿ ಗದ್ದಲವಾದ ದಿನ ರೇಡಿಯೊ ವರದಿಗಾರನಿಗೆ ಏನೂ ಸಿಗುವುದಿಲ್ಲ ಎಂದು ಹೇಳುವವರು ಬಹಳ ಜನ. ನಾನೂ ಏಳೆಂಟು ವರ್ಷ ಹಾಗೇ ನಂಬಿದ್ದೆ. ಹೋದ ಮೂರು ಅಧಿವೇಶನಗಳಲ್ಲಿ ನಾನು ಕಳಿಸಿದ ವರದಿಗಳಲ್ಲಿ ಹತ್ತಕ್ಕೆ ಏಳರಲ್ಲಾದರೂ ಕರ್ನಾಟಕದ ಒಬ್ಬ ಸಂಸದರ ದನಿ ಇತ್ತು. ಅದೂ ಕನ್ನಡದಲ್ಲಿ, ಅದೂ ಅವರ ಕ್ಷೇತ್ರದ ಕೆಲಸದ ಬಗ್ಗೆ. ಹೇಗೆ ಮಾಡ್ತೀರಿ ಎಂದು ಮೂರ್ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಷ್ಟ ಏನೆಂದು ಹೇಳುತ್ತೇನೆ. ಸದನದಲ್ಲಿ ವರದಿಗಾರರು ಕೂರುವ ಗ್ಯಾಲರಿಯಲ್ಲಿ ಪೆನ್ನು, ನೋಟ್‌ಪುಸ್ತಕ ಅಷ್ಟೇ. ಫೋನು, ರೆಕಾರ್ಡರ್ ಹೊರಗೇ ಇಡಬೇಕು. ಪತ್ರಿಕೆಯವರಿಗೆ ಅಷ್ಟು ಸಾಕು, ನಮಗೆ ದನಿ ಬೇಕು. ಸದನದಲ್ಲಿ ನಮ್ಮ ಸಂಸದರು ಹೆಚ್ಚಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತನಾಡುತ್ತಾರೆ. ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಬಂದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದ್ದರು. ಈಗ ಅನುವಾದದ ಅನುಕೂಲವೂ ಇದೆ. ಆದರೂ ಮಂತ್ರಿಗಳಿಗೆ ನೇರವಾಗಿ ತಲುಪಲಿ ಎಂದು ಇವರು ಕನ್ನಡ ಬಿಡುತ್ತಾರೆ. ಅವರ ಲೆಕ್ಕ ಅವರಿಗೆ. ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿಯುತ್ತಾ ರೇಡಿಯೊ ಕೇಳುವವರಿಗೆ ಆ ಹಿಂದಿ ಬೈಟ್, ಅಂದರೆ ರೆಕಾರ್ಡ್ ಮಾಡಿದ ಮಾತಿನ ತುಣುಕು, ಹಾಕಿ ಏನು ಪ್ರಯೋಜನ?

ಸಲಹೆ ಕೇಳೋಣ ಎಂದರೂ ಜನ ಕಮ್ಮಿ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ಹಾಕಬಹುದು ಅಷ್ಟೇ. ಹಾಗಾಗಿ ಗ್ಯಾಲರಿಯಲ್ಲಿ ನಮ್ಮ ಸಾಲಿನವರು ಬೆರಳೆಣಿಕೆ. ಪಕ್ಕದಲ್ಲಿ ಕೂರುವ ಪತ್ರಿಕೆಯ ಹಿರಿಯರು ಒಳ್ಳೆಯವರು, ಆದರೆ ಅವರಿಗೆ ದನಿಯ ಚಿಂತೆ ಇಲ್ಲ.

ಮೊದಲು ನಾನು ಎಲ್ಲರಂತೆ ಬಾಗಿಲಲ್ಲಿ ಕಾಯುತ್ತಿದ್ದೆ. ಹಳೆಯ ಕಟ್ಟಡದಲ್ಲಿ 12ನೇ ಗೇಟಿನ ಹತ್ತಿರ, ಆಮೇಲೆ ಹೊಸ ಕಟ್ಟಡದಲ್ಲಿ ಮಕರ ದ್ವಾರದ ಎದುರು. ಸಂಸದರು ಹೊರಗೆ ಬಂದರೆ ಮೊದಲು ಟಿವಿಯವರು ಮುತ್ತುತ್ತಾರೆ. ಅವರ ಪ್ರಶ್ನೆ ಪಕ್ಷದ್ದು, ಜಗಳದ್ದು. ಸಂಸದರೂ ಅದೇ ಗುಂಗಿನಲ್ಲಿರುತ್ತಾರೆ. "ಸಾರ್, ಶಿರಾಡಿ ಘಾಟಿ ರಸ್ತೆ ವಿಷಯ ಎತ್ತಿದ್ರಲ್ಲ" ಎಂದು ನಾನು ಕೇಳುವಷ್ಟರಲ್ಲಿ ಕಾರಿನ ಬಾಗಿಲು ಮುಚ್ಚಿರುತ್ತಿತ್ತು. 2024ರ ಜುಲೈನಲ್ಲಿ ಮಕರ ದ್ವಾರದ ಎದುರು ನಮ್ಮನ್ನೆಲ್ಲ ಗಾಜಿನ ಆವರಣದೊಳಗೆ ನಿಲ್ಲಿಸಿದಾಗ ಆ ದಾರಿಯೂ ಮುಚ್ಚಿದಂತಾಯಿತು. ಸದನದಲ್ಲೂ ಆ ವಿಷಯ ಬಂದದ್ದು ನಿಮಗೆ ನೆನಪಿರಬಹುದು.

ಅಷ್ಟರಲ್ಲಿ ನಾನು ಬೇರೆ ದಾರಿ ಹಿಡಿದಾಗಿತ್ತು. ಮಧ್ಯಾಹ್ನ ಹೊರಗೆ ಬಂದ ಮೇಲೆ ಹಿಡಿಯುವುದಲ್ಲ, ಬೆಳಿಗ್ಗೆ ಒಳಗೆ ಹೋಗುವ ಮೊದಲು ಮನೆಯಲ್ಲೇ ಮಾತು ಹಿಡಿಯುವುದು. ತುರ್ತು ವಿಷಯ ಎತ್ತುವ ಶೂನ್ಯವೇಳೆಗೆ ನೋಟಿಸ್ ಕೊಟ್ಟವರು, ಅವತ್ತು ಚುಕ್ಕೆ ಗುರುತಿನ (ಮಂತ್ರಿ ಸದನದಲ್ಲೇ ಬಾಯಿ ಮಾತಿನಲ್ಲಿ ಉತ್ತರಿಸುವ) ಪ್ರಶ್ನೆ ಇರುವವರು, ಮೊದಲೇ ಬರೆದುಕೊಟ್ಟ ವಿಷಯವನ್ನು ಸದನದಲ್ಲಿ ಓದುವ 377ನೇ ನಿಯಮದಡಿ ವಿಷಯ ಇರುವವರು. ಇವರ ಕನ್ನಡದ ಮಾತು 25 ಸೆಕೆಂಡ್ ರೆಕಾರ್ಡ್ ಮಾಡಿಕೊಂಡು ಹೊರಗಿನ ಲಾಕರ್‌ನಲ್ಲಿ ಫೋನ್ ಇಟ್ಟು ಗ್ಯಾಲರಿಯಲ್ಲಿ ಕೂರುವುದು. ಅವರು ಎದ್ದು ವಿಷಯ ಹೇಳಿದ್ದನ್ನು ನನ್ನ ಕಿವಿಯಲ್ಲಿ ಕೇಳಿದ ಮೇಲೆಯೇ ಹೊರಗೆ ಬಂದು ಕಳಿಸುವುದು. ಹೇಳಲಿಲ್ಲವೋ, ಅಳಿಸುವುದು.

ಈ ಮಾತು ಹೇಳಿದಾಗ ನಮ್ಮ ಸುದ್ದಿ ಡೆಸ್ಕಿನ ಹಿರಿಯರೊಬ್ಬರು "ರೀ, ಇನ್ನೂ ನಡೆಯದ್ದನ್ನು ಹೇಗ್ರೀ ರೆಕಾರ್ಡ್ ಮಾಡ್ತೀರಿ? ತಲೆ ಕೆಟ್ಟಿದೆಯಾ?" ಎಂದರು. ಇನ್ನೊಬ್ಬ ಗೆಳೆಯ, ಸಂಸದರು ಬೆಳಿಗ್ಗೆ ಎಂಟಕ್ಕೆ ಯಾರಿಗೂ ಸಿಗುವುದಿಲ್ಲ ಎಂದ. ಇಬ್ಬರ ಮಾತಿನಲ್ಲೂ ಸತ್ಯ ಇತ್ತು, ಅದು ನನಗೆ ಆಮೇಲೆ ಗೊತ್ತಾಯಿತು.

ದೊಡ್ಡ ಪೆಟ್ಟು ಬಿದ್ದದ್ದು 2021ರ ಮುಂಗಾರು ಅಧಿವೇಶನದಲ್ಲಿ. ಫೋನ್ ಕದ್ದಾಲಿಕೆಯ ಆರೋಪದ ಪೆಗಾಸಸ್ ಗದ್ದಲದಲ್ಲಿ ಲೋಕಸಭೆ ದಿನವೂ ಮುಂದೂಡಿಕೆ. ಕೊರೊನಾ ಕಾರಣಕ್ಕೆ ಗ್ಯಾಲರಿಗೂ ಸರದಿಯ ಮೇಲೆ ಪ್ರವೇಶ, ನನಗೆ ಸಿಗುತ್ತಿದ್ದದ್ದು ವಾರಕ್ಕೆ ಒಂದೋ ಎರಡೋ ದಿನ. ಸುಮಾರು 30 ಬೈಟ್ ಮಾಡಿದ್ದೆ, ಪ್ರಸಾರವಾದದ್ದು ನಾಲ್ಕು. ಆ ನಾಲ್ಕರಲ್ಲಿ ಒಂದು ಪ್ರಸಾರ ಆಗಲೇಬಾರದಿತ್ತು. ಸಮಯ ಉಳಿಸೋಣ ಎಂದು ಬೆಳಿಗ್ಗೆಯೇ ಫೈಲ್ ಕಳಿಸಿದ್ದೆ, ನಾನು ಫೋನ್ ಮಾಡಿದ ಮೇಲೆ ಹಾಕಿ ಎಂದು ಬಾಯಲ್ಲಿ ಹೇಳಿದ್ದೆ. ಪಾಳಿ ಬದಲಾಯಿತು. ಸದನ ಎರಡೇ ನಿಮಿಷದಲ್ಲಿ ಮುಂದೂಡಿಕೆಯಾಯಿತು, ಮಧ್ಯಾಹ್ನ ಮಾತ್ರ "ಲೋಕಸಭೆಯಲ್ಲಿ ಇಂದು ಪ್ರಸ್ತಾಪಿಸಿದರು" ಎಂದು ಸುದ್ದಿ ಹೋಯಿತು. ತಿದ್ದುಪಡಿ ಓದಿಸಬೇಕಾಯಿತು. ಸಂಸದರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು "ಆಗ್ಲಿ ಬಿಡಪ್ಪಾ, ನಾಳೆ ಎತ್ತೋಣ" ಎಂದು ಕಾಫಿ ಕೊಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಡೆಯದ್ದನ್ನು ನಡೆದಿದೆ ಎಂದು ಹೇಳುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇಲ್ಲ, ಅಲ್ವಾ?

ಅವತ್ತಿನಿಂದ ಫೈಲ್ ನನ್ನ ಫೋನಿನಿಂದ ಮೊದಲೇ ಹೊರಡುವುದಿಲ್ಲ. ಇನ್ನೊಂದು ಕಟ್ಟುನಿಟ್ಟು: "ನಾನು ಸದನದಲ್ಲಿ ಪ್ರಸ್ತಾಪಿಸಿದ್ದೇನೆ" ಎಂದು ಬೆಳಿಗ್ಗೆ ಹೇಳಲು ಬಿಡುವುದಿಲ್ಲ. ಸಂಸದರಿಗೆ ಅದು ಅಭ್ಯಾಸ, ಬಾಯಿಗೆ ಹಾಗೇ ಬರುತ್ತದೆ. ನಿಲ್ಲಿಸಿ ಮತ್ತೆ ಹೇಳಿಸುತ್ತೇನೆ. ಸಮಸ್ಯೆ ಏನು, ಬೇಡಿಕೆ ಏನು, ಅಷ್ಟೇ. ಬೈಟಿನ ಜೊತೆ ನಾನು ಓದುವ ಸಾಲಿನಲ್ಲಿ "ಸದನಕ್ಕೆ ಹೋಗುವ ಮುನ್ನ ನಮ್ಮೊಂದಿಗೆ ಮಾತನಾಡಿದ ಅವರು" ಎಂದು ಇರಲೇಬೇಕು. ಕೇಳುಗರಿಗೆ ಇದರಿಂದ ಏನೂ ಬೇಸರವಾಗಿಲ್ಲ.

ಕಾನೂನಿನ ಕಡೆಯಿಂದಲೂ ಇದು ಮುಖ್ಯ. ಸದನದ ಕಲಾಪವನ್ನು ಇದ್ದ ಹಾಗೆ ವರದಿ ಮಾಡಿದರೆ ಸಂವಿಧಾನದ 361ಎ ವಿಧಿ ನಮ್ಮನ್ನು ಕಾಯುತ್ತದೆ. 1978ರ 44ನೇ ತಿದ್ದುಪಡಿಯಲ್ಲಿ ಬಂದದ್ದು, ಪತ್ರಿಕೆಗೆ ಇರುವ ರಕ್ಷಣೆ ನಿಸ್ತಂತು ಪ್ರಸಾರಕ್ಕೂ ಇದೆ ಎಂದು ಅದರಲ್ಲೇ ಬರೆದಿದೆ. ಆದರೆ ಮನೆಯ ಜಗಲಿಯಲ್ಲಿ ಸಂಸದರು ಆಡಿದ ಮಾತು ಕಲಾಪ ಅಲ್ಲ. ಅಲ್ಲಿ ಯಾರ ಮೇಲಾದರೂ ಆರೋಪ ಮಾಡಿದರೆ ನಮಗೂ ಅವರಿಗೂ ರಕ್ಷೆ ಇಲ್ಲ. ಹಾಗಾಗಿ ಗುತ್ತಿಗೆದಾರನ ಹೆಸರು, ಅಧಿಕಾರಿಯ ಹೆಸರು ಬಂದ ಬೈಟನ್ನು ಅಲ್ಲೇ ಅಳಿಸಿ ಮತ್ತೆ ಮಾಡಿಸುತ್ತೇನೆ. ಸದನದಲ್ಲಿ ಆಡಿದ್ದನ್ನು ಸಭಾಧ್ಯಕ್ಷರು ಕಡತದಿಂದ ತೆಗೆದರೆ ಆ ಭಾಗವೂ ಹೋಗಬೇಕು, ಬೆಳಿಗ್ಗೆಯ ಬೈಟಿನಲ್ಲಿ ಅದೇ ಮಾತಿದ್ದರೂ ಕೂಡ.

ಈ ದಾರಿ ನಿಜವಾಗಿ ಕೈಹಿಡಿದದ್ದು 377ರಿಂದ. ಅಲ್ಲಿ ಸಂಸದರ ಹೇಳಿಕೆ 250 ಪದದೊಳಗೆ ಇರಬೇಕು, ಒಪ್ಪಿಗೆ ಸಿಕ್ಕ ಪಠ್ಯವನ್ನೇ ಓದಬೇಕು. ಅಂದರೆ ಬೆಳಿಗ್ಗೆ ಹೇಳಿದ್ದಕ್ಕೂ ಮಧ್ಯಾಹ್ನ ಓದುವುದಕ್ಕೂ ವ್ಯತ್ಯಾಸ ಬರುವ ಭಯ ಇಲ್ಲ. ಗದ್ದಲದ ದಿನ ಪೀಠದಲ್ಲಿರುವವರು 377ರ ವಿಷಯಗಳನ್ನು ಸದನದ ಮುಂದೆ ಮಂಡಿಸಲಾಗಿದೆ ಎಂದು ಪರಿಗಣಿಸಲು ಹೇಳಿ ಮುಗಿಸುತ್ತಾರೆ. ಯಾರೂ ಎದ್ದು ಓದುವುದಿಲ್ಲ. ಟಿವಿಯವರಿಗೆ ದೃಶ್ಯ ಇಲ್ಲ, ಯಾರಿಗೂ ದನಿ ಇಲ್ಲ, ಕಡತದಲ್ಲಿ ಮಾತ್ರ ಸೇರಿರುತ್ತದೆ. ಅವತ್ತು ಆ ವಿಷಯದ ದನಿ ಇಡೀ ದೆಹಲಿಯಲ್ಲಿ ನನ್ನ ಫೋನಿನಲ್ಲಿ ಮಾತ್ರ! 2023ರ ಚಳಿಗಾಲದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದ ಆ ವಾರಗಳಲ್ಲಿ ಬೇರೆಯವರೆಲ್ಲ ಗಲಾಟೆಯನ್ನೇ ಬರೆಯುತ್ತಿದ್ದರು. ನಾನು ಅದನ್ನೂ ಕೊಟ್ಟೆ. ಜೊತೆಗೆ ಅಡಿಕೆ ಎಲೆಚುಕ್ಕೆ ರೋಗ, ಹಳ್ಳಿಯ ಮೊಬೈಲ್ ಟವರ್, ರೈಲು ಮೇಲ್ಸೇತುವೆಯನ್ನೂ ಕೊಟ್ಟೆ. ತಲೆ ಕೆಟ್ಟಿದೆಯಾ ಎಂದಿದ್ದ ಹಿರಿಯರೇ ಫೋನ್ ಮಾಡಿ "ನಾಳೆಗೂ ಒಂದು ಇರಲಿ" ಎಂದರು. ನನಗೆ ಅದು ಸಾಕಾಗಿತ್ತು.

ಇನ್ನು ದನಿಯ ಗುಣಮಟ್ಟ. ಸೌತ್ ಅವೆನ್ಯೂ, ನಾರ್ತ್ ಅವೆನ್ಯೂ ಮನೆಗಳಲ್ಲಿ ಫ್ಯಾನ್, ಕೂಲರ್, ಕುಕ್ಕರ್ ಶೀಟಿ, ಹತ್ತು ಜನ ಊರಿನವರ ಮಾತು. ಮೊದಲ ವರ್ಷ ಮೂರು ಮೈಕ್ ಕೊಂಡೆ. ಸುಮಾರು 900 ರೂಪಾಯಿಯ ಕಾಲರ್ ಮೈಕು ಬಟ್ಟೆ ಉಜ್ಜುವ ಸದ್ದನ್ನೇ ಜಾಸ್ತಿ ಹಿಡಿಯಿತು. ಎರಡನೆಯದು ವೈರ್‌ಲೆಸ್, ಆರೂವರೆ ಸಾವಿರದ ಹತ್ತಿರ. ದನಿ ಚೆನ್ನಾಗಿತ್ತು, ಆದರೆ ಭದ್ರತೆಯವರಿಗೆ ಪ್ರತಿಸಲ ವಿವರಿಸಿ ಸಾಕಾಯಿತು. ಕೊನೆಗೆ 1,800 ರೂಪಾಯಿಯ ಸಾದಾ ಕೈಮೈಕು, ಈಗಲೂ ಅದೇ. ಮೈಕಿಗಿಂತ ಜಾಗ ಮುಖ್ಯ. ಸಂಸದರ ಇನ್ನೋವಾ ಕಾರಿನ ಹಿಂದಿನ ಸೀಟು, ಗಾಜು ಏರಿಸಿ, ಎಂಜಿನ್ ಮತ್ತು ಎಸಿ ಆರಿಸಿ ಮಾತನಾಡಿಸಿ. ಸ್ಟುಡಿಯೊದಂಥ ದನಿ ಬರುತ್ತದೆ. ಜುಲೈ ಸೆಕೆಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಕೂರಲಾಗದು, ಹಾಗಾಗಿ ಮಾತೂ ತಾನಾಗಿ ಚಿಕ್ಕದಾಗುತ್ತದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ನನಗೆ ವರದಿಗೆ ಇಷ್ಟು ಎಂದು ಲೆಕ್ಕ, ಆಗ 600 ರೂಪಾಯಿಯ ಆಸುಪಾಸು. ಬೆಳಿಗ್ಗೆ ಎರಡು ಮೂರು ಮನೆ ಸುತ್ತಲು ಆಟೊಗೆ 250ರಿಂದ 300. ಬೈಟ್ ಬಿದ್ದುಹೋದ ದಿನ ಪೂರ್ತಿ ನಷ್ಟ. 2021ರ ಆ ಅಧಿವೇಶನದಲ್ಲಿ ಕೈಯಿಂದಲೇ ದುಡ್ಡು ಹೋಯಿತು. ಮನೆಯವರು "ಸುಮ್ನೆ ಯಾಕೆ ಈ ಓಡಾಟ" ಎಂದಿದ್ದರು. ಮರುವರ್ಷ ಹಳೆಯ ಸ್ಕೂಟರ್ ಒಂದನ್ನು 22 ಸಾವಿರಕ್ಕೆ ಕೊಂಡೆ. ಎರಡು ಅಧಿವೇಶನದಲ್ಲಿ ಅದರ ದುಡ್ಡು ಹುಟ್ಟಿತು. ಸ್ಕೂಟರ್ ಸೆಂಟ್ರಲ್ ಸೆಕ್ರೆಟೇರಿಯಟ್ ಮೆಟ್ರೊ ಕಡೆ ನಿಲ್ಲಿಸಿ ನಡೆದು ಹೋಗುತ್ತೇನೆ, ಹತ್ತೂವರೆಗೆ ಒಳಗಿರುತ್ತೇನೆ. ಈಗ ತಿಂಗಳಿಗೆ ಕೈಯಲ್ಲಿ ಉಳಿಯುವುದು ಮೊದಲಿನ ದುಪ್ಪಟ್ಟಿಗೆ ಸ್ವಲ್ಪ ಕಮ್ಮಿ, ಅಧಿವೇಶನ ಇರುವ ತಿಂಗಳ ಮಾತು ಇದು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಂಸದರ ಹಿಂದಿ ಮಾತಿನ ಮೇಲೆ ನನ್ನ ಕನ್ನಡದ ದನಿ ಹಾಕಿ ನೋಡಿದೆ. ಎರಡು ದನಿ ಒಂದರ ಮೇಲೊಂದು ಬಿದ್ದು ಗೊಜ್ಜಾಯಿತು, ಬಿಟ್ಟೆ. ಚುಕ್ಕೆ ರಹಿತ (ಬರಹದಲ್ಲಷ್ಟೇ ಉತ್ತರ ಬರುವ) ಪ್ರಶ್ನೆಗಳ ಉತ್ತರ ಹೆಕ್ಕಿ ಶನಿವಾರಕ್ಕೆ ನಾಲ್ಕು ನಿಮಿಷದ ವರದಿ ಮಾಡಿದೆ, ಅದು ಚೆನ್ನಾಗಿ ನಿಂತಿತು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅದರಲ್ಲಿ ಬಾಯಿ ಮಾತಿಗೆ ಬರುವುದು ಐದಾರು. ಚುಕ್ಕೆ ರಹಿತ ಪ್ರಶ್ನೆ 230. ಎಲ್ಲರೂ ಐದಾರರ ಹಿಂದೆ ಓಡುತ್ತಾರೆ. ಆ 230ರಲ್ಲಿ ಯಾವ ಜಿಲ್ಲೆಗೆ ಎಷ್ಟು ಕೊಟ್ಟಿದ್ದೇವೆ ಎಂದು ಮಂತ್ರಿಗಳೇ ಬರೆದುಕೊಟ್ಟ ಉತ್ತರ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಗ್ಯಾಲರಿಯಿಂದ ದನಿ ತರಲಾಗದು ಎಂದು ಒಳಗಿನ ನೋಟವನ್ನು ಮಾತಿನಲ್ಲಿ ಕಟ್ಟಿಕೊಡುವುದನ್ನೂ ಕಲಿತೆ: ಯಾರು ಎದ್ದರು, ಯಾರು ಕಾಗದ ಹಿಡಿದು ನಡುಮಧ್ಯಕ್ಕೆ ಬಂದರು, ಗಡಿಯಾರದಲ್ಲಿ ಎಷ್ಟಾಗಿತ್ತು. ನೋಟ್‌ಪುಸ್ತಕದ ಎಡ ಅಂಚಿನಲ್ಲಿ ಬರೀ ಸಮಯ ಬರೆಯುತ್ತೇನೆ. ನನ್ನ ಓದಿನ ವೇಗ ನಿಮಿಷಕ್ಕೆ 95 ಪದದ ಹತ್ತಿರ. ಆ ಲೆಕ್ಕದಲ್ಲಿ ಮನಸ್ಸಿನಲ್ಲೇ ವರದಿ ಕಟ್ಟಿ ಹೊರಗೆ ಬರುತ್ತೇನೆ. ಫೋನ್ ಕೈಗೆ ಸಿಕ್ಕ ಹನ್ನೆರಡು ನಿಮಿಷದಲ್ಲಿ ವರದಿ ಹೋಗಿರುತ್ತದೆ. ಇದಕ್ಕಿಂತ ಬೇಗ ಕಳಿಸುವವರನ್ನು ನಾನು ನೋಡಿಲ್ಲ.

ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಅವತ್ತು ಯಾರ ವಿಷಯ ಬರುತ್ತದೆ ಎಂದು ಬೆಳಿಗ್ಗೆ ಏಳೂವರೆಗೆ ನನಗೆ ಹೇಗೆ ಗೊತ್ತಾಗುತ್ತದೆ ಎನ್ನುವುದು ಒಂದು. ಅಡ್ಡದಾರಿಯಲ್ಲ, ಪಾಸ್ ಇರುವ ಯಾರಿಗೂ ತೆರೆದಿರುವ ದಾರಿಯೇ, ಹುಡುಕಿದರೆ ಸಿಗುತ್ತದೆ. ಭಾಷಣಕ್ಕೆ ಇಳಿದ ಸಂಸದರನ್ನು ಒಂದೇ ಪ್ರಶ್ನೆಯಲ್ಲಿ ಊರಿನ ವಿಷಯಕ್ಕೆ ಎಳೆದು ತರುವುದು ಇನ್ನೊಂದು. ಆ ಪ್ರಶ್ನೆ ಕಟ್ಟಲು ನನಗೆ ಎರಡು ವರ್ಷ ಬೇಕಾಯಿತು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ರಾಜ್ಯಸಭೆಯಲ್ಲಿ ಈ ದಾರಿ ಇನ್ನೂ ಸರಿಯಾಗಿ ಕೂತಿಲ್ಲ. ಅಲ್ಲಿ ಶೂನ್ಯವೇಳೆ ಬೆಳಿಗ್ಗೆ 11ಕ್ಕೆ, ಪ್ರಶ್ನೋತ್ತರ 12ಕ್ಕೆ. ಲೋಕಸಭೆಯಲ್ಲಿ ಇದರ ಉಲ್ಟಾ. ಹನ್ನೆರಡಕ್ಕೆ ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ಓಡಿದರೆ ಎರಡೂ ಸಿಗಬೇಕು, ಲೆಕ್ಕದಲ್ಲಿ. ಹೋದ ಸಲ ಆರು ಬಾರಿ ಓಡಿದೆ, ಎರಡು ಬಾರಿ ಸಿಕ್ಕಿತು. ಈ ಚಳಿಗಾಲಕ್ಕೆ ರಾಜ್ಯಸಭೆಯ ಇಬ್ಬರು ಸದಸ್ಯರ ಆಪ್ತ ಸಹಾಯಕರ ಹತ್ತಿರ ಮಾತನಾಡಿಟ್ಟಿದ್ದೇನೆ. ಮಂಜು ಬಿದ್ದ ದಿನ ಸ್ಕೂಟರ್ ಓಡಿಸಲಾಗದು, ಮೆಟ್ರೊದಲ್ಲಿ ಅರ್ಧ ಗಂಟೆ ಮೊದಲೇ ಹೊರಡಬೇಕು.