ಯಾವ ದೇಶದ ಸೈನಿಕರು ಹೆಚ್ಚು ಕ್ರೂರಿಗಳು? ಪಟ್ಟಿ ಮಾಡಹೊರಟ ನನ್ನ ಅನುಭವ

ಎರಡನೆಯ ಮಹಾಯುದ್ಧದ ಬಗ್ಗೆ ಉಪನ್ಯಾಸ ಮಾಡುವವರಿಗೆ ಸಭೆಯಿಂದ ಒಂದಲ್ಲ ಒಂದು ದಿನ ಬಂದೇ ಬರುವ ಪ್ರಶ್ನೆ ಇದು: ಎಲ್ಲರಿಗಿಂತ ಕ್ರೂರಿಗಳು ಯಾವ ದೇಶದ ಸೈನಿಕರು? ನನಗೂ ಬಂತು. ಆ ಹೊತ್ತಿಗೆ ಬಾಯಿಗೆ ಬಂದ ಉತ್ತರ ಹೇಳಿ ಪಾರಾದೆನಾದರೂ ಅದು ನನಗೇ ಒಪ್ಪಿಗೆಯಾಗಲಿಲ್ಲ. ಮನೆಗೆ ಬಂದವನೇ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ತಲೆಬರಹಗಳಾಗಿ ಜರ್ಮನಿ, ಜಪಾನ್, ಸೋವಿಯತ್ ಒಕ್ಕೂಟ, ಬ್ರಿಟನ್, ಅಮೆರಿಕ ಎಂದು ಬರೆದು, ಓದಿದ್ದನ್ನೆಲ್ಲ ಅವುಗಳ ಕೆಳಗೆ ತುಂಬತೊಡಗಿದೆ. ಆರೇಳು ವರ್ಷ ನಡೆದ ಆ ಕೆಲಸದಲ್ಲಿ ಎಲ್ಲಿ ಎಡವಿದೆ, ಯಾವ ಅಳತೆಗೋಲು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ನೆಚ್ಚಿಕೊಂಡದ್ದು ಬದುಕಿ ಬಂದವರ ನೆನಪುಗಳನ್ನು. ಒಂದು ವರ್ಷ ಕಳೆಯುವಷ್ಟರಲ್ಲಿ ಜಪಾನಿನ ಕಾಲಂ ಮೂರು ಪುಟ ದಾಟಿತ್ತು, ಸೋವಿಯತ್ ಒಕ್ಕೂಟದ್ದು ಅರ್ಧ ಪುಟವೂ ತುಂಬಿರಲಿಲ್ಲ. ಇದರ ಕಾರಣ ಆ ಸೈನ್ಯಗಳ ನಡತೆಗಿಂತ ಹೆಚ್ಚಾಗಿ ನನ್ನ ಭಾಷಾಜ್ಞಾನದಲ್ಲಿತ್ತು. ಇಂಗ್ಲಿಷ್ ಓದಬಲ್ಲ ನನಗೆ ಜಪಾನಿನ ಸೇನೆ ಕಟ್ಟಿಸಿದ ಬರ್ಮಾ ರೈಲುಮಾರ್ಗದಲ್ಲಿ ದುಡಿದ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೆರೆಯಾಳುಗಳ ದಿನಚರಿಗಳು ಧಾರಾಳವಾಗಿ ಸಿಗುತ್ತಿದ್ದವು. ಅದೇ ಮಾರ್ಗದಲ್ಲಿ ಅವರಿಗಿಂತ ಹಲವು ಪಟ್ಟು ಹೆಚ್ಚಿನ ಸಂಖ್ಯೆಯಲ್ಲಿ ಸತ್ತ ತಮಿಳು, ಬರ್ಮೀ, ಮಲಯ, ಜಾವಾ ಕೂಲಿಗಳು ಬರೆದಿಟ್ಟದ್ದು ಸಿಗುತ್ತಿರಲಿಲ್ಲ. ಯಾರ ನೋವು ಅಚ್ಚಾಗಿದೆಯೋ ಅದನ್ನೇ ಅಳೆಯುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಆ ಪುಟಗಳನ್ನು ಹರಿಯದೆ, ಕ್ಲಿಪ್ ಹಾಕಿ ಪಕ್ಕಕ್ಕಿಟ್ಟೆ.

ಎಣಿಸಬಹುದಾದ ಏನಾದರೊಂದು ಬೇಕಿತ್ತು. ಯುದ್ಧಕೈದಿಗಳ ಸಾವಿನ ಪ್ರಮಾಣ ನನಗೆ ಸರಿಕಂಡಿತು. ಏಕೆಂದರೆ ಸೆರೆಯಾದವನ ಕೈಯಲ್ಲಿ ಆಯುಧವಿರುವುದಿಲ್ಲ, ಅವನ ಅನ್ನ ನೀರು ಔಷಧಗಳೆಲ್ಲ ಸೆರೆಹಿಡಿದವನ ವಶದಲ್ಲಿರುತ್ತವೆ. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯ ತೀರ್ಪಿನಲ್ಲಿ ಇಂಥದೊಂದು ಹೋಲಿಕೆ ಸಿದ್ಧವಾಗಿಯೇ ಇದೆ. ಜರ್ಮನಿ ಮತ್ತು ಇಟಲಿಯ ವಶದಲ್ಲಿದ್ದ 2,35,473 ಅಮೆರಿಕನ್ ಮತ್ತು ಬ್ರಿಟಿಷ್ ಪಡೆಗಳ ಕೈದಿಗಳಲ್ಲಿ 9,348 ಮಂದಿ, ಅಂದರೆ ಶೇ. 4ರಷ್ಟು ಜನ ಸತ್ತರು. ಜಪಾನಿನ ವಶದಲ್ಲಿದ್ದ 1,32,134 ಮಂದಿಯಲ್ಲಿ ಸತ್ತವರು 35,756, ಅಂದರೆ ಶೇ. 27. ಪ್ರಶ್ನೆಗೆ ಉತ್ತರ ಸಿಕ್ಕೇಬಿಟ್ಟಿತು ಎಂದು ಅಂದು ರಾತ್ರಿ ನೆಮ್ಮದಿಯಿಂದ ಮಲಗಿದ್ದೆ.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಜರ್ಮನಿಯ ಕಾಲಮಿನಲ್ಲಿ ಸೋವಿಯತ್ ಕೈದಿಗಳ ಲೆಕ್ಕವನ್ನೂ ಬರೆಯಬೇಕಾಗಿ ಬಂತು: ಸೆರೆಸಿಕ್ಕವರು ಸುಮಾರು 57 ಲಕ್ಷ, ಸತ್ತವರು ಸುಮಾರು 33 ಲಕ್ಷ. ಅದೇ ಸೇನೆ, ಅವೇ ವರ್ಷಗಳು. ಕೈದಿ ಬ್ರಿಟಿಷನಾದರೆ ನೂರಕ್ಕೆ ನಾಲ್ವರು, ಸೋವಿಯತ್ ಸೈನಿಕನಾದರೆ ನೂರಕ್ಕೆ ಐವತ್ತಕ್ಕೂ ಹೆಚ್ಚು. ಜರ್ಮನ್ ಸೈನಿಕನ ಸ್ವಭಾವವೇ ಇದಕ್ಕೆ ಕಾರಣವೆನ್ನುವುದಾದರೆ, ಆ ಸ್ವಭಾವ ಪಶ್ಚಿಮದಿಂದ ಪೂರ್ವಕ್ಕೆ ರೈಲಿನಲ್ಲಿ ಹೋಗುವಷ್ಟರಲ್ಲಿ ಬದಲಾಯಿತೆ? ಹಾಗಾಗಿ ಆದೇಶಪತ್ರಗಳನ್ನು ಹುಡುಕಿ ಓದಿದೆ. ಸೋವಿಯತ್ ಒಕ್ಕೂಟದ ಮೇಲೆ ದಾಳಿ ನಡೆದದ್ದು 1941ರ ಜೂನ್ 22ರಂದು. ನಾಗರಿಕರ ಮೇಲೆ ಸೈನಿಕರು ಎಸಗುವ ಅಪರಾಧಗಳನ್ನು ವಿಚಾರಣೆಗೆ ಒಳಪಡಿಸಲೇಬೇಕೆಂಬ ಕಟ್ಟುಪಾಡನ್ನು ತೆಗೆದುಹಾಕಿದ ಆಜ್ಞೆಯ ತಾರೀಖು ಅದೇ ವರ್ಷದ ಮೇ 13. ಸೆರೆಸಿಕ್ಕ ಕಮ್ಯುನಿಸ್ಟ್ ರಾಜಕೀಯ ಅಧಿಕಾರಿಗಳನ್ನು ಗುಂಡಿಕ್ಕಿ ಕೊಲ್ಲಬೇಕೆಂದ ಆದೇಶದ್ದು ಜೂನ್ 6. ಒಬ್ಬ ಸೈನಿಕನೂ ಗಡಿ ದಾಟುವ ಮೊದಲೇ ಕಾಗದದ ಮೇಲೆ ಇಷ್ಟೆಲ್ಲ ತಯಾರಾಗಿತ್ತು. ಮುಂದಿನ ಚಳಿಗಾಲದಲ್ಲಿ ಬಯಲಿಗೆ ತಂತಿಬೇಲಿ ಸುತ್ತಿ ಕೂಡಿಹಾಕಿದ ಲಕ್ಷಾಂತರ ಕೈದಿಗಳು ಹಸಿವಿನಿಂದಲೂ ಟೈಫಸ್ ಜ್ವರದಿಂದಲೂ ಸತ್ತರು. ಸೋವಿಯತ್ ಒಕ್ಕೂಟ ಯುದ್ಧಕೈದಿಗಳ ಕುರಿತಾದ 1929ರ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ ಎಂಬುದು ಜರ್ಮನ್ನರು ಮುಂದಿಟ್ಟ ನೆಪ.

ಜಪಾನಿನ ಕಾಲಂ ನನ್ನನ್ನು ಬೇರೊಂದು ರೀತಿಯಲ್ಲಿ ತಪ್ಪಿತಸ್ಥನನ್ನಾಗಿಸಿತು. ಸೆರೆಯಾಗುವುದೇ ಹೀನಾಯವೆಂದು ನಂಬಿದ ಪರಂಪರೆ ಅವರದು, ಅದಕ್ಕೇ ಕೈದಿಗಳನ್ನು ಹೀಗೆ ನಡೆಸಿಕೊಂಡರು ಎಂದು ಹಲವು ಸಭೆಗಳಲ್ಲಿ ನಾನೇ ವಿವರಿಸಿದ್ದುಂಟು. ಆದರೆ 1904-05ರ ಯುದ್ಧದಲ್ಲಿ ಜಪಾನಿಗೆ ಸೆರೆಸಿಕ್ಕ ರಷ್ಯನ್ನರನ್ನು ಮತ್ಸುಯಾಮದಂಥ ಶಿಬಿರಗಳಲ್ಲಿ ನಡೆಸಿಕೊಂಡ ರೀತಿಯನ್ನು ಹೊರದೇಶದವರೇ ಮೆಚ್ಚಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಚೀನಾದ ಚಿಂಗ್‌ಡಾವ್‌ನಲ್ಲಿ ಸೆರೆಯಾದ ಜರ್ಮನ್ನರನ್ನು ಇರಿಸಿದ್ದ ಜಪಾನಿನ ಬಂಡೊ ಶಿಬಿರದಲ್ಲಿ ಕೈದಿಗಳು ಬೇಕರಿ ನಡೆಸುತ್ತಿದ್ದರು, ಪತ್ರಿಕೆ ಅಚ್ಚು ಹಾಕುತ್ತಿದ್ದರು. 1918ರ ಜೂನ್ 1ರಂದು ಅವರ ವಾದ್ಯವೃಂದ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ಪೂರ್ಣವಾಗಿ ನುಡಿಸಿತು. ಸೆರೆಯಾಗಿ ಬದುಕುವ ಅವಮಾನಕ್ಕೆ ಒಳಗಾಗಬೇಡ ಎಂದು ಸೈನಿಕರಿಗೆ ಉಪದೇಶಿಸುವ ಸೇನಾ ಸಂಹಿತೆ ಹೊರಬಿದ್ದದ್ದು 1941ರ ಜನವರಿಯಲ್ಲಿ. ನಾನು ಪುರಾತನವೆಂದು ಸಾರಿದ್ದ ಪರಂಪರೆಗೆ ಆ ಕಟ್ಟುನಿಟ್ಟಿನ ರೂಪ ಬಂದದ್ದು ಎರಡು ದಶಕಗಳ ಆಚೀಚೆಗೆ.

ಸಂಖ್ಯೆಗಳನ್ನು ಬಿಡಿಸಿ ನೋಡುವ ಅಭ್ಯಾಸ ಹತ್ತಿದ್ದು ಆಮೇಲೆ. ಶೇ. 27 ಎಂಬ ಆ ಅಂಕಿಯೊಳಗೆ ಮಿತ್ರರಾಷ್ಟ್ರಗಳದೇ ಟಾರ್ಪಿಡೊಗಳಿಗೆ ಬಲಿಯಾದವರೂ ಇದ್ದಾರೆ. ಕೈದಿಗಳನ್ನೂ ಜಾವಾದ ಕೂಲಿಗಳನ್ನೂ ತುರುಕಿಕೊಂಡು ಸುಮಾತ್ರಾಕ್ಕೆ ಹೊರಟಿದ್ದ ಜುನ್ಯೊ ಮಾರು ಹಡಗನ್ನು 1944ರ ಸೆಪ್ಟೆಂಬರ್ 18ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು ಮುಳುಗಿಸಿದಾಗ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಕೈದಿಗಳಿದ್ದಾರೆಂಬ ಗುರುತು ಹಾಕಿರಲಿಲ್ಲ. ಗುಂಡಿ ಒತ್ತಿದವರಿಗೆ ಅದು ಗೊತ್ತಿರಲಿಲ್ಲ. ಈ ಸಾವುಗಳನ್ನು ಯಾರ ಕಾಲಮಿಗೆ ಹಾಕುವುದು? ನಾನು ಜಪಾನಿನ ಕಾಲಮಿನಲ್ಲೇ ಉಳಿಸಿ, ಕ್ರೌರ್ಯವೆಂಬುದರ ಬದಲು ‘ನಿರ್ಲಕ್ಷ್ಯ’ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ಪೆನ್ಸಿಲಿನಿಂದ, ಏಕೆಂದರೆ ಆ ಮಾತು ಕಡಿಮೆಯಾಯಿತೆಂದು ಕೆಲವೊಮ್ಮೆ ಅನ್ನಿಸುತ್ತದೆ. ಸ್ಟಾಲಿನ್‌ಗ್ರಾಡಿನಲ್ಲಿ ಸೋವಿಯತ್ ಸೇನೆಗೆ ಶರಣಾದ ಜರ್ಮನ್ ಪಕ್ಷದ ಸುಮಾರು 91 ಸಾವಿರ ಮಂದಿಯಲ್ಲಿ ಮನೆಗೆ ಮರಳಿದವರು ಐದಾರು ಸಾವಿರ ಮಾತ್ರ ಎಂಬ ಲೆಕ್ಕದಲ್ಲೂ ಇಂಥದೇ ತೊಡಕಿದೆ. ಅವರಲ್ಲಿ ಬಹಳಷ್ಟು ಜನ ಶರಣಾಗುವ ಮೊದಲೇ ವಾರಗಟ್ಟಲೆ ಉಪವಾಸವಿದ್ದವರು, ಜ್ವರ ಹಿಡಿದವರು. ಇದು ಸೋವಿಯತ್ ಶಿಬಿರಗಳನ್ನು ದೋಷಮುಕ್ತಗೊಳಿಸುವುದಿಲ್ಲವಾದರೂ, ಸೆರೆಸಿಕ್ಕ ದಿನ ಕೈದಿಯ ದೇಹಸ್ಥಿತಿ ಹೇಗಿತ್ತು ಎಂಬ ಹೊಸ ಕಾಲಮೊಂದನ್ನು ನಾನು ಸೇರಿಸಬೇಕಾಯಿತು.

ನನ್ನನ್ನು ನಿಜವಾಗಿ ನಾಚಿಸಿದ್ದು ಒಂದು ಛಾಯಾಚಿತ್ರ. ಉಪನ್ಯಾಸವೊಂದರಲ್ಲಿ ಶವಗಳ ಸಾಲಿನ ಪಕ್ಕ ಸಮವಸ್ತ್ರದವರು ನಿಂತಿದ್ದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಇದು ಇಂಥ ಸೇನೆಯ ಕೃತ್ಯ ಎಂದೆ. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಎದ್ದು, “ಸ್ವಾಮಿ, ನಿಂತವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದಾರಲ್ಲ, ಆಗಷ್ಟೇ ಕೊಂದವರಿಗೆ ಅಷ್ಟು ವಾಸನೆ ಎಲ್ಲಿಂದ ಬಂತು?” ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಆ ಚಿತ್ರ ಅದಕ್ಕೂ ಮೊದಲು ಅಲ್ಲಿದ್ದ ಬೇರೆ ಪಡೆಯವರು ಕೊಂದು ಹೂತ ಶವಗಳನ್ನು ಹೊರತೆಗೆದಾಗಿನದೂ ಆಗಿರಬಹುದಿತ್ತು. ಈ ತಪ್ಪು ದೊಡ್ಡವರಿಗೂ ತಪ್ಪಿದ್ದಲ್ಲ: ಜರ್ಮನ್ ಸೇನೆಯ ಅಪರಾಧಗಳ ಕುರಿತು 1995ರಲ್ಲಿ ಹ್ಯಾಂಬರ್ಗಿನ ಸಂಶೋಧನಾ ಸಂಸ್ಥೆಯೊಂದು ಆರಂಭಿಸಿದ ಪ್ರದರ್ಶನವನ್ನು 1999ರಲ್ಲಿ ತಡೆಹಿಡಿಯಬೇಕಾಯಿತು. ಕೆಲವು ಚಿತ್ರಗಳಲ್ಲಿದ್ದವರು ಸೋವಿಯತ್ ರಹಸ್ಯ ಪೊಲೀಸರಿಗೆ ಬಲಿಯಾದವರೆಂದು ಇತಿಹಾಸಕಾರರು ತೋರಿಸಿದ್ದರು. 1,433 ಚಿತ್ರಗಳಲ್ಲಿ ಅಲ್ಲಿ ಇರಬಾರದಿದ್ದವು ಇಪ್ಪತ್ತಕ್ಕಿಂತ ಕಡಿಮೆ ಎಂದು ಪರಿಶೀಲನಾ ಸಮಿತಿ ಹೇಳಿತು. ಪ್ರದರ್ಶನದ ಮೂಲವಾದ ಸರಿಯೆಂದೇ ಉಳಿಯಿತು. ಆದರೂ ಅಡಿಬರಹವನ್ನು ನಂಬಿ ಚಿತ್ರ ತೋರಿಸುವುದನ್ನು ನಾನು ಅಂದೇ ಬಿಟ್ಟೆ.

ದೇಶ ಎಂಬ ತಲೆಬರಹವೇ ಎಷ್ಟು ಸಡಿಲವೆಂದು ತಿಳಿದದ್ದು ಕಾವಲುಗಾರರ ವಿಚಾರಣೆಗಳನ್ನು ಓದುವಾಗ. ಜಪಾನಿನ ಶಿಬಿರಗಳಲ್ಲಿ ಕಾವಲಿಗಿದ್ದವರಲ್ಲಿ ಕೊರಿಯನ್ನರು ಬಹಳ; ಯುದ್ಧಾನಂತರ 148 ಕೊರಿಯನ್ನರು ಅಪರಾಧಿಗಳೆಂದು ಘೋಷಿತರಾಗಿ, 23 ಮಂದಿಗೆ ಮರಣದಂಡನೆಯಾಯಿತು. ಅವರ ದೇಶವೇ ಆಗ ಜಪಾನಿನ ವಸಾಹತು.

ಸೇನೆಗಳು ತಮ್ಮವರನ್ನೇ ಶಿಕ್ಷಿಸಿದ ಲೆಕ್ಕ ಒಳ್ಳೆಯ ಅಳತೆಯಾದೀತೆಂದು ಕೆಲಕಾಲ ನಂಬಿದ್ದೆ. ಯುರೋಪಿನ ರಣರಂಗದಲ್ಲಿ ಅಮೆರಿಕದ ಸೇನೆ ತನ್ನ 70 ಸೈನಿಕರಿಗೆ ಮರಣದಂಡನೆ ವಿಧಿಸಿ ಜಾರಿಗೊಳಿಸಿತು. ಹೆಚ್ಚಿನವು ಕೊಲೆ ಮತ್ತು ಅತ್ಯಾಚಾರದ ಪ್ರಕರಣಗಳು. ಆದರೆ ಸೇನೆಯಲ್ಲಿ ಕರಿಯ ಸೈನಿಕರು ಹತ್ತರಲ್ಲೊಂದು ಪಾಲು ಮಾತ್ರ ಇದ್ದಾಗ, ಆ 70 ಮಂದಿಯಲ್ಲಿ ಬಹುಪಾಲು ಅವರೇ. ಆ ಅಂಕಿ ಸೈನಿಕರ ನಡತೆಯ ಜೊತೆಗೆ ನ್ಯಾಯಾಲಯದ ಕಣ್ಣನ್ನೂ ಅಳೆಯುತ್ತದೆ.

ಈಗಿನ ನೋಟ್‌ಬುಕ್ಕಿನಲ್ಲಿ ದೇಶಗಳ ಹೆಸರು ಮೇಲಿನಿಂದ ಇಳಿದು ಬದಿಗೆ ಬಂದಿದೆ. ವರ್ಷ, ಸೆರೆಸಿಕ್ಕವನು ಯಾರು, ಲಿಖಿತ ಆದೇಶವೇನು, ಶಿಕ್ಷೆಯ ಭಯವಿತ್ತೆ, ಎಣಿಸಿದವರು ಯಾರು ಎಂಬವು ತಲೆಬರಹಗಳು. ಎಲ್ಲ ಸೇನೆಗಳೂ ಒಂದೇ ಎಂದು ಇದರ ಅರ್ಥವಲ್ಲ. 4ಕ್ಕೂ 27ಕ್ಕೂ 50ಕ್ಕೂ ನಡುವಿನ ಅಂತರ ನಿಜವಾದದ್ದು, ಅದನ್ನು ತೇಲಿಸಿ ಮಾತನಾಡುವವರೊಂದಿಗೆ ನಾನು ಈಗಲೂ ಜಗಳವಾಡುತ್ತೇನೆ. ಸಂಖ್ಯೆಗಳಲ್ಲಿ ತಕರಾರಿದ್ದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯುತ್ತೇನೆ. ವಿಯೆಟ್ನಾಮಿನ ಮೈಲಾಯ್‌ನಲ್ಲಿ 1968ರ ಮಾರ್ಚ್ 16ರಂದು ಅಮೆರಿಕನ್ ಸೈನಿಕರು ಕೊಂದವರು ವಿಯೆಟ್ನಾಮ್ ಸರ್ಕಾರದ ಪ್ರಕಾರ 504, ಅಮೆರಿಕದ ಸೇನೆಯ ಪ್ರಕಾರ 347. ಈ ದಿನಾಂಕಕ್ಕೆ ಮಾತ್ರ ಎರಡು ಸಾಲುಗಳಿವೆ. ಮೊದಲನೆಯದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯದು: ಶಿಕ್ಷೆಯಾದದ್ದು ಅವನೊಬ್ಬನಿಗೆ, ಅದೂ ಜೀವಾವಧಿಯಿಂದ ಇಳಿಯುತ್ತ ಬಂದು ಬಹುಪಾಲು ಗೃಹಬಂಧನದಲ್ಲೇ ಮುಗಿಯಿತು. ಎರಡನೆಯದು ಅದೇ ಸೇನೆಯ ಪೈಲಟ್ ಹ್ಯೂ ಥಾಂಪ್ಸನ್‌ನದು. ಅವನು ಓಡುತ್ತಿದ್ದ ಹಳ್ಳಿಗರಿಗೂ ತನ್ನವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ, ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೆಯೇ ಹಾರಿಸಿ ಎಂದು ಸಂಗಡಿಗರಿಗೆ ಹೇಳಿದ. ಅವನಿಗೂ ಅವನ ಇಬ್ಬರು ಸಂಗಡಿಗರಿಗೂ ಸೇನೆ ಆ ಕೆಲಸಕ್ಕಾಗಿ ಪದಕ ಕೊಟ್ಟದ್ದು 1998ರಲ್ಲಿ.