ಮೊದಲು ಸಾಕ್ಸ್ ಬಿಚ್ಚಿ ನೋಡಿ

ಡ್ಯೂಟಿಗೆ ಬಂದ ಕೂಡಲೇ ನಾನು ಮಲಗಿದಲ್ಲೇ ಇರುವ ರೋಗಿಗಳ ಸಾಕ್ಸ್ ಬಿಚ್ಚುತ್ತೇನೆ, ಹಾಸಿಗೆ ಹುಣ್ಣು ಆಗಿದೆಯೇ ಎಂದು ನೋಡಲು. ನರ್ಸ್ ಆದ ಹೊಸದರಲ್ಲಿ ಒಬ್ಬ ಅಜ್ಜನ ಬೆನ್ನು, ಸೊಂಟ ಎಲ್ಲ ದಿನಾ ತಪ್ಪದೆ ನೋಡುತ್ತಿದ್ದೆ. ಚಳಿಗೆಂದು ಹಾಕಿದ್ದ ಸಾಕ್ಸ್ ಮಾತ್ರ ಮುಟ್ಟಿರಲಿಲ್ಲ. ನಾಲ್ಕನೇ ದಿನ ತೆಗೆದರೆ ಹಿಮ್ಮಡಿಯಲ್ಲಿ ನೇರಳೆ ಬಣ್ಣದ ಗುಳ್ಳೆ. ತಪ್ಪು ನನ್ನದೇ.

ಮೂಳೆಗೂ ಹಾಸಿಗೆಗೂ ನಡುವೆ ಚರ್ಮ, ಮಾಂಸ ಅಮುಕಿಕೊಂಡು ರಕ್ತ ಓಡಾಡದೆ ಹೋದರೆ ಹುಣ್ಣು. ಹಾಗಾಗಿ ಮೂಳೆ ಉಬ್ಬಿದ ಕಡೆಯೆಲ್ಲ ನೋಡಬೇಕು: ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಆಕ್ಸಿಜನ್ ಟ್ಯೂಬ್ ಇದ್ದರೆ ಕಿವಿಯ ಹಿಂದೆ ಕೂಡ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ, ಆ ಮಗ್ಗುಲಿಗೆ ಮಲಗಿಸಬೇಡಿ, ಸಿಸ್ಟರ್‌ಗೆ ಹೇಳಿ. ಕಪ್ಪು ಮೈಯಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಮುಟ್ಟಿ ನೋಡಿ, ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಮೂಳೆಗೆ. ಅದಕ್ಕೇ 30 ಡಿಗ್ರಿಯಷ್ಟು ಮಾತ್ರ ವಾಲಿಸಿ, ಬೆನ್ನಿಗೆ ದಿಂಬು ಕೊಡಿ. ಆಮೇಲೆ ಬೆನ್ನಿನ ಕೆಳತುದಿಗೆ ಕೈ ತೂರಿಸಿ, ಅದು ಹಾಸಿಗೆಗೆ ತಾಗಿರಬಾರದು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ದರದರ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಇಬ್ಬರು ಅಡಿಯ ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಬೇಕು. ತಲೆಯ ಕಡೆ ಜಾಸ್ತಿ ಎತ್ತರಿಸಿದರೂ ಮೈ ಜಾರಿ ಚರ್ಮ ಜಗ್ಗುತ್ತದೆ. ನಳಿಕೆಯಲ್ಲಿ ಆಹಾರ ಹೋಗುವವರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟೇ ಎತ್ತರವಿರಲಿ.

ಹಿಮ್ಮಡಿಗೆ ದಿಂಬು ಇಡಬೇಡಿ, ಮೀನಖಂಡದ ಉದ್ದಕ್ಕೂ ಇಡಿ. ಹಿಮ್ಮಡಿ ಗಾಳಿಯಲ್ಲಿ ತೇಲಬೇಕು, ಅಡಿಯಲ್ಲಿ ಒಂದು ಹಾಳೆ ಸಲೀಸಾಗಿ ಸರಿದಾಡಬೇಕು.

ಸೊಂಟದಡಿಗೆ ಇಡಲೆಂದು ಮನೆಯವರು ಪ್ರೀತಿಯಿಂದ ತರುವ ರಬ್ಬರ್ ರಿಂಗ್ ಬೇಡ, ಸುತ್ತಲ ಚರ್ಮವನ್ನು ಅದೇ ಒತ್ತುತ್ತದೆ. ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕಲೂಬೇಡಿ. ಒದ್ದೆಯಾದ ಡಯಾಪರ್ ತಕ್ಷಣ ಬದಲಿಸಿ, ತೊಳೆದು, ಒತ್ತಿ ಒರೆಸಿ, ಚರ್ಮಕ್ಕೆ ತೇವ ತಾಗದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ಹಚ್ಚಿ. ಊಟದಲ್ಲಿ ಪ್ರೋಟೀನ್ ಸಾಕಷ್ಟಿರಲಿ, ಕಿಡ್ನಿ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿ.

ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಮೊಬೈಲ್ ಚಾರ್ಜಿಗೆಂದು ಆ ಪಂಪಿನ ಪ್ಲಗ್ ಕಿತ್ತಿಟ್ಟದ್ದನ್ನು ಎಷ್ಟು ಸಲ ನೋಡಿದ್ದೇನೋ! ಸೊಂಟದ ನೇರಕ್ಕೆ ಏರ್ ಬೆಡ್ ಅಡಿಗೆ ಅಂಗೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು.