ಕೈ ರೋಲರ್‌ನ್ಯಾಗ ತಗಡು ಸುತ್ತೋದು: ನಾ ಕಲ್ತಿದ್ದು

ಗಂಗಾವತಿ ಕಡಿ ರೈಸ್ ಮಿಲ್ ಜಾಸ್ತಿ, ನಮ್ಮ ಶೆಡ್ಡಿಗೆ ಬರೋ ಕೆಲಸಾನೂ ಅದ್ರದ್ದೇ, ಬ್ಲೋವರ್ ಪೈಪು, ಹಾಪರ್ (ಭತ್ತ ಸುರಿಯೋ ತೊಟ್ಟಿ), ಸೈಕ್ಲೋನ್ (ಗಾಳಿಯಿಂದ ಧೂಳು, ಹೊಟ್ಟು ಬ್ಯಾರೆ ಮಾಡೋ ಡಬ್ಬಿ). ಭತ್ತದ ಹೊಟ್ಟಿನ್ಯಾಗ ಸಿಲಿಕಾ ಇರ್ತೈತಿ, ಮರಳು ಹಾಕಿ ತಿಕ್ಕಿದಂಗ ಪೈಪಿನ ಒಳಗ ತಿಕ್ಕಿ ತಿಕ್ಕಿ ತೂತು ಬೀಳಸ್ತೈತಿ, ಹಂಗಾಗಿ ಪೈಪ್ ಬದಲಿ ಮಾಡೋ ಕೆಲಸ ನಿಲ್ಲಂಗಿಲ್ಲ.

ನಾ ಒಬ್ಬನೇ ಮೊದಲ್ನೇ ಸಲ ಸುತ್ತಿದ್ದು 12 ಇಂಚಿನ ಪೈಪು, 18 ಗೇಜ್ ಅಂದ್ರ 1.2 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು. ಗರ ಗರ ಹ್ಯಾಂಡಲ್ ತಿರುಗ್ಸಿ ಸುತ್ತೇಬಿಟ್ಟೆ, ನೋಡಿದ್ರ ಒಂದ್ ಕಡಿ ಬಾಯಿ ಕೂಡೈತಿ, ಇನ್ನೊಂದ್ ಕಡಿ ಎರಡು ಬೆರಳು ತೂರೋವಷ್ಟು ಬಿಟ್ಟೈತಿ. ಉಸ್ತಾದ್ರು ಬಂದು ಪೈಪ್ ನೋಡ್ಲೇ ಇಲ್ಲ, ಸೀದಾ ಮಷಿನ್ ಹಿಂದ ಹೋಗಿ ಕುಂತ್ರು. "ಎರಡೂ ಸ್ಕ್ರೂ ಒಂದೇ ಸಮ ಏರ್ಸೀ ಏನು ತಮ್ಮಾ?" ಅಂದ್ರು. ಹಿಂದಿನ ರೋಲ್ ಏರಸೋ ಸ್ಕ್ರೂ ಎರಡೂ ತುದಿಗೊಂದೊಂದು ಇರ್ತಾವು, ನಾ ಒಂದೇ ಸಮ ಏರ್ಸಿರ್ಲಿಲ್ಲ. ಈ ಮಷಿನ್ನಾಗ ಮೂರು ರೋಲು, ಮುಂದಿನ ಎರಡು ರೋಲು ಶೀಟ್ ಹಿಡಿದು ಎಳೀತಾವು ಅಷ್ಟೇ, ಬಗ್ಗಸೋದು ಹಿಂದಿನ ರೋಲು, ಅದು ಒಂದ್ ಕಡಿ ಜಾಸ್ತಿ ಏರಿದ್ರ ಆ ಕಡಿ ಜಾಸ್ತಿ ಬಗ್ಗಿ ಪೈಪ್ ಹೋಗಿ ಕೋನ್ ಆಕ್ಕೈತಿ. ಈಗ ನಾನು ಅದೇ ಶೀಟಿಂದ ಒಂದ್ ತುಂಡು ಕತ್ತರಿಸಿ ಎರಡೂ ತುದಿಯಾಗ ರೋಲುಗಳ ನಡುವಿನ ಗ್ಯಾಪಿಗೆ ಇಟ್ಟು ನೋಡ್ತೀನಿ, ಆಮ್ಯಾಲ ಎರಡೂ ಸ್ಕ್ರೂನ ಸುತ್ತು ಎಣಿಸ್ಕೊಂತ ಒಂದೇ ಸಮ ತಿರುಗಸ್ತೀನಿ.

ಅಳತಿ ಹೇಳ್ಬೇಕಂದ್ರ, ಒಳಗಿನ ಡಯಾ 300 ಎಂಎಂ ಬೇಕಾದ್ರ ಅದಕ್ಕ ಶೀಟಿನ ದಪ್ಪ 1.2 ಕೂಡಿಸಿ 3.1416ರಿಂದ ಗುಣಿಸ್ರಿ, 946 ಬರ್ತೈತಿ. ಅಂಚಿಗಂಚು ವೆಲ್ಡಿಂಗಿಗೆ ಇಷ್ಟು ಸಾಕು, ಸೀಮ್ ಮಡಚೋದಿದ್ರ (ಅಂಚು ಮಡಚಿ ಒಂದಕ್ಕೊಂದು ಸಿಗಸೋದು) ಅದಕ್ಕ ಬೇಕಾದ ಅಳತಿ ಬ್ಯಾರೆ ಸೇರಸ್ಬೇಕು. ಕತ್ತರಿಸಿದ್ ಮ್ಯಾಲ ಮೂಲೆಯಿಂದ ಮೂಲೆಗೆ ಎರಡೂ ಕಡಿ ಟೇಪ್ ಹಿಡೀರಿ, ಎರಡೂ ಒಂದೇ ಬರ್ಬೇಕು, ಇಲ್ಲಾಂದ್ರ ರೋಲರ್ ಎಷ್ಟು ಸರಿ ಇದ್ರೂ ಅಂಚು ಒಂದಕ್ಕೊಂದು ಜಾರಿ ನಿಂದರ್ತಾವು.

ಮೊದ್ಲು ಒಳಗ ಹೋಗೋ ಅಂಚು ಸಪಾಟ್ ಉಳೀತೈತಿ, ಇದಂತೂ ಎಲ್ಲಾರಿಗೂ ಆಗೋದೇ. ಹಂಗೇ ಬಿಟ್ಟು ವೆಲ್ಡ್ ಹೊಡದ್ರ ಜಾಯಿಂಟ್ ಹತ್ರ ಚೂಪ್ ಮೂಗು ಬಂದಂಗ ಕಾಣ್ತೈತಿ, ಹೊಟ್ಟು ಅಲ್ಲೇ ಬಡೀತೈತಿ. ನಾ ಏನ್ ಮಾಡ್ತೀನಂದ್ರ ಬೇಕಾದ ಡಯಾಕ್ಕಿಂತ ಸಣ್ಣ ಪೈಪಿನ ಮ್ಯಾಲ ಆ ಅಂಚು ಇಟ್ಟು ಕೊಡತಿಲೆ ಸಾವಕಾಶ ಬಡೀತೀನಿ, ಕಬ್ಬಿಣದ ಸುತ್ತಿಗಿ ಬ್ಯಾಡ, ಕುಳಿ ಬೀಳ್ತಾವು.

ಒಂದೇ ಏಟಿಗೆ ಸುತ್ತಾಕ ಹೋಗಬ್ಯಾಡ್ರಿ. ಮೂರು ನಾಲ್ಕು ಸಲ, ಪ್ರತಿ ಸಲ ಹಿಂದಿನ ರೋಲ್ ಸ್ವಲ್ಪೇ ಏರ್ಸಿ, ರಟ್ಟಿನ ಅರ್ಧಗೋಲ ಟೆಂಪ್ಲೇಟ್ ಹಚ್ಚಿ ನೋಡ್ರಿ. ಶೀಟ್ ಬಿಟ್ ಕೂಡ್ಲೇ ಸ್ವಲ್ಪ ಬಿಚ್ಕೊಂತೈತಿ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಇನ್ನೂ ಜಾಸ್ತಿ ಬಿಚ್ಕೊಂತೈತಿ, ಅದಕ್ಕ ಒಂದ್ ಚೂರು ಬಿಗೀನೇ ಸುತ್ತಬೇಕು. ಮುಂದಿನ ರೋಲ್ ಮಾತ್ರ ಶೀಟ್ ಜಾರದಷ್ಟು ಹಿಡಿದ್ರ ಸಾಕು.

ಪೂರಾ ಸುತ್ತಿದ ಮ್ಯಾಲ ಪೈಪು ಮುಂದಿನ ಎರಡರಾಗ ಮ್ಯಾಲಿರೋ ರೋಲಿಗೇ ಸುತ್ಕೊಂಡಿರ್ತೈತಿ, ಆ ರೋಲಿನ ಒಂದ್ ತುದಿ ಬಿಚ್ಚಿ ಎತ್ತಿ ಬಳೆ ತೆಗದಂಗ ಜಾರ್ಸಿ ತೆಗೀಬೇಕು.

ಇನ್ನ ಕೈ. ಬರ್ರ್ (ಕತ್ತರಿಸಿದ ಅಂಚಿನ ಚೂಪು) ಫೈಲ್ ಹೊಡದು ತೆಗೀರಿ, ಆದ್ರ ರೋಲ್ ತಿರುಗೋ ಹೊತ್ನ್ಯಾಗ ಗ್ಲೌಸ್ ಬ್ಯಾಡ, ಬಟ್ಟಿ ತುದಿ ಸಿಕ್ರ ಬೆರಳೂ ಒಳಗ ಎಳೀತೈತಿ. ನಮ್ಮಲ್ಲಿ ಹ್ಯಾಂಡಲ್ ಹಿಡಿದವ ತಾನಾಗೇ ತಿರುಗಸಂಗಿಲ್ಲ, ಶೀಟ್ ಹಿಡಿದವ "ಹೂಂ" ಅಂದ್ರಷ್ಟೇ ತಿರುಗಸ್ತಾನ.